ಜೀವಾಣಿ ಎಲ್ಲಿ ಬಿಡಬೇಕು

ಕಳೆದ ವಾರ ಚಿಕ್ಕೋಡಿಗೆ ಹೊರಟಿದ್ದೆ. ಅಂಕಲಿ ಸೇತುವೆಯ ಮೇಲೆ ನಮ್ಮ ಬಸ್ಸು ಡಿಸ್ಟಿಲರಿಯ ಟ್ಯಾಂಕರೊಂದರ ಹಿಂದೆ ಸಿಕ್ಕಿಕೊಂಡಿತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಸಾಲಾಗಿ ಬರುತ್ತಿದ್ದುದರಿಂದ ಯಾರೂ ಮುಂದೆ ಹೋಗುವ ಹಾಗಿರಲಿಲ್ಲ. ಸುಟ್ಟ ಬೆಲ್ಲಕ್ಕೆ ಕೊಳೆತ ಮೊಟ್ಟೆ ಕಲಸಿದ ಹಾಗಿರುವ ಆ ವಾಸನೆ ಒಳಗೆ ಬಂದದ್ದೇ ತಡ, ಬಸ್ಸಿನ ತುಂಬ ಸೆರಗು, ಟವೆಲು, ಕರವಸ್ತ್ರ ಎಲ್ಲ ಮೂಗಿಗೇರಿದವು. ಪಕ್ಕದಲ್ಲಿ ಕೂತಿದ್ದ ನಿಪ್ಪಾಣಿಯ ಹೆಂಗಸು, "ಖಿಡಕಿ ಮುಚ್ಚರೀ, ಹೊಟ್ಟಿ ತೊಳಸಾಕತ್ತೈತಿ" ಅಂದರು. ಕಿಟಕಿ ಮುಚ್ಚಿದೆ. ಮೂಗು ಮಾತ್ರ ಮುಚ್ಚಲಿಲ್ಲ. ಆ ವಾಸನೆಗೂ ನನಗೂ ಹಳೆಯ ಜಗಳ. ಜಗಳ ಆಡಿದವರ ಎದುರಿಗೆ ಮುಖ ಮುಚ್ಚಿಕೊಂಡು ಕೂಡುವುದು ನನ್ನ ಜಾಯಮಾನವಲ್ಲ.

ನಮ್ಮೂರು ಐನಾಪುರದಿಂದ ಕೃಷ್ಣೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ಸುತ್ತ ಕಬ್ಬು, ದ್ರಾಕ್ಷಿ, ನಡುವೆ ಒಂದು ಹಳ್ಳ. ಆ ಊರಿನ ಪಂಚಾಯಿತಿಗೆ ನಾನು ಅಧ್ಯಕ್ಷೆಯಾದ ಮೊದಲ ವರ್ಷದ ಕಬ್ಬಿನ ಹಂಗಾಮಿನಲ್ಲಿ ನಡೆದದ್ದನ್ನು ಜನ ನನ್ನ ಮುಂದೆಯೇ ತಮಗೆ ಬೇಕಾದ ಹಾಗೆ ಹೇಳುತ್ತಾರೆ. ಕೆಲವರ ಬಾಯಲ್ಲಿ ನಾನು ದೇವಿ, ಕೆಲವರ ಬಾಯಲ್ಲಿ ಮಾರಿ. ಎರಡೂ ಅಲ್ಲ. ನಾನು ಹೆಂಗಸರ ಜಂಪರ್ ಹೊಲಿಯುವವಳು. ಹಳ್ಳ ಈಗ ತಿಳಿಯಾಗಿದೆ ಅಂತ ಹೇಳಲಾರೆ, ಮೀನು ಮತ್ತೆ ಬಂದಿವೆ ಅಂತ ಮಾತ್ರ ಹೇಳಬಲ್ಲೆ. ಅದಕ್ಕೆ ಏನು ಕೊಡಬೇಕಾಯಿತು ಅನ್ನುವುದನ್ನು ನಾನೇ ಹೇಳುವುದು ಒಳ್ಳೆಯದು.

ನನ್ನನ್ನು ಊರು ಗಂಡು ಅಂತ ಲೆಕ್ಕ ಹಿಡಿದಿತ್ತು. ನಾನು ಆ ಲೆಕ್ಕವನ್ನು ಯಾವತ್ತೂ ಒಪ್ಪಿರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಮನೆ ಬಿಟ್ಟೆ. ಮಿರಜದಲ್ಲಿ ಕೆಲವು ವರ್ಷ, ಕೊಲ್ಹಾಪುರದಲ್ಲಿ ಕೆಲವು ವರ್ಷ. ಬೈಗುಳ ತಿಂದೆ, ಕಟಿಂಗ್ ಕಲಿತೆ, ಸೀರೆ ಉಟ್ಟೆ, ಒಂದು ಹೊಲಿಗೆ ಮಷೀನು ಹೊತ್ತುಕೊಂಡು ಹೆಣ್ಣಾಗಿ ಊರಿಗೆ ಬಂದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಹೊರಗ ಹ್ವಾದದ್ದು ಹೊರಗ ಇರ್ಲಿ" ಅಂದ.

ಅಷ್ಟರಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಕೈಯಲ್ಲಿ ಖಾಲಿ ತಂಬಿಗೆ ಹಿಡಿದು ಬಾವಿಯ ಕಡೆಯಿಂದ ಬಂದಳು. ಆ ತಂಬಿಗೆಯ ವಿಷಯ ಹೇಳಬೇಕು. ನಾವು ಜೈನರು. ಕುಡಿಯುವ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹೊಯ್ದು, ಆ ಜೀವಗಳನ್ನು ತಂಬಿಗೆಗೆ ಇಳಿಸಿ, ಯಾವ ಬಾವಿಯಿಂದ ನೀರು ತಂದೆವೋ ಅದೇ ಬಾವಿಗೆ ಮೆಲ್ಲಗೆ ಬಿಟ್ಟು ಬರಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಸಾಯುತ್ತವೆ, ಪಾಪ ನಮಗೆ. ಇದಕ್ಕೆ ಜೀವಾಣಿ ಅನ್ನುತ್ತೇವೆ. ಊರಲ್ಲಿ ನಳ ಬಂದು ಎಷ್ಟೋ ವರ್ಷವಾಗಿದ್ದರೂ ಆಯಿ ಮತ್ತು ಅವಳ ವಾರಿಗೆಯ ಹೆಂಗಸರು ಬಾವಿ ಬಿಟ್ಟಿರಲಿಲ್ಲ, ಜೀವಾಣಿಯನ್ನೂ ಬಿಟ್ಟಿರಲಿಲ್ಲ.

ಆಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಅಂದಳು: "ಕಣ್ಣಿಗೆ ಕಾಣದ ಹುಳಾನ ಅದರ ಬಾಂವಿಗೆ ಬಿಟ್ಟ ಬರಾಕಿ ನಾ. ಕಣ್ಣಿಗೆ ಕಾಣೂ ಮೊಮ್ಮಗಳನ್ನ ಎಲ್ಲೆ ಬಿಡ್ಲಿ? ಸರಿ ಆಚಿ." ಅಪ್ಪ ಸರಿದ. ಅವನು ಸರಿದದ್ದಕ್ಕಿಂತ ನನ್ನ ಕಿವಿಯಲ್ಲಿ ಉಳಿದದ್ದು ಮೊಮ್ಮಗಳು ಅನ್ನುವ ಶಬ್ದ. ಪದ್ಮಾವತಿ ಅಂತ ಹೆಸರು ಇಟ್ಟವಳೂ ಅವಳೇ.

ಊರಿಗೆ ಮಾತ್ರ ನಾಲಿಗೆ ತೊಡಕಿತು. ನಮ್ಮ ಭಾಷೆಯಲ್ಲಿ ಒಬ್ಬರು ಬಂದಿದ್ದಾರೆ ಅಂತ ಹೇಳಬೇಕಾದರೂ ಅವರು ಗಂಡೋ ಹೆಣ್ಣೋ ಹೇಳಲೇಬೇಕು. ಬಂದಾನ ಅನ್ನಬೇಕು, ಇಲ್ಲ ಬಂದಾಳ ಅನ್ನಬೇಕು. ಜಾಣರು ‘ಬಂದಾರ್ರಿ’ ಅಂದು ಮರ್ಯಾದೆಯ ಸಂದಿಯಲ್ಲಿ ಪಾರಾಗುತ್ತಿದ್ದರು. ಜಂಪರ್ ಹೊಲಿಸಿಕೊಳ್ಳಲು ಬರುವ ಹೆಂಗಸರು ಮೊದಲ ವಾರ ತೊದಲಿದರು, ಎರಡನೆಯ ವಾರಕ್ಕೆ ‘ಪದ್ಮಕ್ಕಾ’ ಅಂದು ಅಳತೆ ಕೊಟ್ಟು, ಗಂಡನ ಮೇಲಿನ ದೂರನ್ನೂ ಕೊಟ್ಟು ಹೋದರು. ತಾತ್ಯಾ ಒಬ್ಬ ಮಾತ್ರ ನನ್ನನ್ನು ಕಂಡಾಗಲೆಲ್ಲ ದನಿ ಎತ್ತಿ, "ಬಂದಾನ ನೋಡ್ರೆಪಾ" ಅನ್ನುತ್ತಿದ್ದ. ತಾತ್ಯಾ ಪಂಚಾಯಿತಿಯ ಹಳೆಯ ಸದಸ್ಯ, ಸಕ್ಕರೆ ಕಾರ್ಖಾನೆಯ ಚೇರಮನ್ನರ ಬಲಗೈ. ಯಾರ ಕಬ್ಬಿಗೆ ಯಾವಾಗ ಕಡಿಯುವ ಗ್ಯಾಂಗ್ ಬರಬೇಕು ಅನ್ನುವುದು ಅವನ ಒಂದು ಫೋನಿನಲ್ಲಿತ್ತು. ಹೀಗಾಗಿ ಅವನ ಮಾತಿಗೆ ನಗು ಬಾರದವರೂ ನಗುತ್ತಿದ್ದರು.

ಪಂಚಾಯಿತಿ ಚುನಾವಣೆ ಬಂತು. ನಮ್ಮ ವಾರ್ಡು ಮಹಿಳಾ ಮೀಸಲು. ನಿಲ್ಲು ಅಂದವರು ಜಂಪರ್ ಹೊಲಿಸಿಕೊಳ್ಳುವ ಹೆಂಗಸರೇ. ಮತದಾರರ ಚೀಟಿಯಲ್ಲಿ ನಾನು ಹೆಣ್ಣು ಅಂತ ಆಗಲೇ ಆಗಿತ್ತು. ನಿಂತೆ, ಗೆದ್ದೆ. ಸೋತವಳು ತಾತ್ಯಾನ ತಮ್ಮನ ಹೆಂಡತಿ. ಹೆಂಗಸರ ಸೀಟಿಗೆ ಗಂಡಸು ನಿಂತಾನ ಅಂತ ಅವರು ಅಥಣಿ ಕೋರ್ಟಿನಲ್ಲಿ ಕೇಸು ಹಾಕಿದರು. ಆ ಕೇಸು ಇವತ್ತಿಗೂ ಮುಗಿದಿಲ್ಲ. ಕಳೆದ ವಾರ ಹೊರಟದ್ದೂ ಚಿಕ್ಕೋಡಿಯಲ್ಲಿರುವ ನನ್ನ ವಕೀಲರನ್ನು ಕಾಣುವುದಕ್ಕೇ.

ಇನ್ನು ಅಧ್ಯಕ್ಷೆಯಾದದ್ದು ನನ್ನ ಜಾಣತನದಿಂದಲ್ಲ. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂದಿತ್ತು. ಎರಡು ಪಾರ್ಟಿಯವರಲ್ಲಿ ಯಾರ ಹೆಂಡತಿ ಕೂಡಬೇಕು ಅಂತ ಜಗಳ ಬಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ತಾತ್ಯಾನೇ ಅಂದನಂತೆ: "ಆ ಹೊಲಿಗಿ ಪದ್ಮಾನ ಮಾಡ್ರಿ. ಸಹಿ ಮಾಡ್ಕೋಂತ ಕುಂದರ್ತೈತಿ. ಕೇಸಿನ ಹಗ್ಗ ನಮ್ಮ ಕೈಯಾಗ ಐತಿ, ಎಲ್ಲೆ ಹೋಗ್ತೈತಿ?" ಗಂಡಿಗೂ ಅಲ್ಲದ ಹೆಣ್ಣಿಗೂ ಅಲ್ಲದ ಕ್ರಿಯಾಪದ. ನಾವು ಎಮ್ಮೆಗೆ, ಕುರ್ಚಿಗೆ ಹಚ್ಚುವಂಥದ್ದು. ಕೇಳಿದಾಗ ಮೈ ಉರಿಯಿತು. ಆದರೂ ಹೋಗಿ ಕುರ್ಚಿಯಲ್ಲಿ ಕೂತೆ.

ದೀಪಾವಳಿ ಮುಗಿದು ಕಾರ್ಖಾನೆಯ ಚಿಮಣಿ ಹೊಗೆ ಬಿಟ್ಟಿತು. ಹೊಸದಾಗಿ ಶುರುವಾಗಿದ್ದ ಡಿಸ್ಟಿಲರಿ ಹಳ್ಳದ ದಂಡೆಯಲ್ಲಿತ್ತು, ನಮ್ಮೂರಿಗಿಂತ ಮೇಲೆ. ಮೊದಲು ಹಳ್ಳದ ನೀರು ಚಹಾದ ಬಣ್ಣಕ್ಕೆ ಬಂತು, ಆಮೇಲೆ ಡಾಂಬರಿನ ಬಣ್ಣಕ್ಕೆ. ಒಂದು ಮುಂಜಾನೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಸಂಕ್ರಾಂತಿಯ ಚಳಿ ಬೀಳುವ ಹೊತ್ತಿಗೆ ಹಳ್ಳದ ಮಗ್ಗುಲಿನ ಬಾವಿಗಳಿಗೂ ಆ ನೀರು ಇಳಿಯಿತು. ಊರು ಮೂಗು ಮುಚ್ಚಿಕೊಂಡು ಸುಮ್ಮನಿತ್ತು. ಬಾಯಿ ಬಿಟ್ಟವನ ಕಬ್ಬಿಗೆ ಗ್ಯಾಂಗ್ ಬರುವುದಿಲ್ಲ. ಕಡಿಯದ ಕಬ್ಬು ಹೊಲದಲ್ಲೇ ಒಣಗಿ ಸೂರಿನ ಹುಲ್ಲಾಗುತ್ತದೆ. ನಾನು ಮೇಲಿನ ಕಚೇರಿಗಳಿಗೆ ಅರ್ಜಿ ಕಳಿಸಿದೆ. ಅಧಿಕಾರಿಗಳು ಬಂದರು, ಬಾಟಲಿಯಲ್ಲಿ ನೀರು ತುಂಬಿಕೊಂಡರು, ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಊಟ ಮಾಡಿ ಹೋದರು.

ಆಗ ಒಂದು ದಿನ ಆಯಿ ನೀರು ಸೋಸಿದಳು. ಬಟ್ಟೆ ಕಂದಾಗಿ ಬಂತು. ಜೀವಾಣಿಯನ್ನು ತಂಬಿಗೆಗೆ ಇಳಿಸಿಕೊಂಡು ಬಾವಿಗೆ ಹೋದವಳು ತಿರುಗಿ ಬರಲೇ ಇಲ್ಲ. ನೋಡಲು ಹೋದರೆ ಬಾವಿಯ ಕಟ್ಟೆಯ ಮೇಲೆ ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

"ಪದ್ಮಾ, ಇದನ್ನ ಎಲ್ಲೆ ಬಿಡ್ಲಿ? ಈ ಬಾಂವಿಗೆ ಬಿಟ್ಟರ ಸಾಯ್ತಾವ. ಬ್ಯಾರೆ ಬಾಂವಿಗೆ ಬಿಟ್ಟರೂ ಸಾಯ್ತಾವ. ಇಷ್ಟು ವರ್ಷ ಬಿಟ್ಟೇನಿ, ಇವತ್ತ ಕೈ ಬರವಲ್ದು."

ಅಧಿಕಾರಿಗಳ ಬಾಟಲಿ ಕಂಡಾಗ ಬಾರದ ಸಿಟ್ಟು ನನಗೆ ಆ ತಂಬಿಗೆ ಕಂಡಾಗ ಬಂತು. ಆವತ್ತು ಆಯಿ ನೀರೂ ಕುಡಿಯಲಿಲ್ಲ.

ಗುಸುಗುಸು ಹೆಚ್ಚಾದಾಗ ಕಾರ್ಖಾನೆ ಊರಿನ ಮೂಗಿಗೆ ತುಪ್ಪ ಸವರಿತು. ದಿನಾ ಒಂದು ಟ್ಯಾಂಕರ್ ಸಿಹಿನೀರು, ಪುಕ್ಕಟೆ. ಮೊದಲ ದಿನ ತಾತ್ಯಾ ಟ್ಯಾಂಕರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡ. ಡ್ರೈವರ್ ಮೌಲಾ ಕಾಗವಾಡದವನು, ಹಿರಿಯ ವಯಸ್ಸಿನ ಮೆತ್ತಗಿನ ಮನುಷ್ಯ. ಆಯಿ ಕೊಡ ಹಿಡಿದು ಅವನ ಮುಂದೆ ನಿಂತಳು.

"ಯಾವ ಬಾಂವಿ ನೀರಪಾ ಇದು?"

"ಕಾರ್ಖಾನೀದರಿ, ಆಯಿ."

"ಕಾರ್ಖಾನಿ ನೀರ ಹಡೀತೈತೇನೋ? ಬಾಂವಿ ಯಾವದು?"

"ಹೇಳಬ್ಯಾಡ ಅಂದಾರ್ರಿ."

"ಹೇಳಬ್ಯಾಡ ಬಿಡು. ನಾಳೆ ಈ ನೀರ ಸೋಸಿ ಒಂದ ತಂಬಿಗಿ ಕೊಡ್ತೇನಿ, ತಗೊಂಡ ಹೋಗಿ, ನೀರ ಎಲ್ಲೆ ತುಂಬ್ತಿ ಅಲ್ಲೇ ಮೆಲ್ಲಕ ಬಿಡು. ಜೀವ ಇರ್ತಾವ ಅದರಾಗ. ನಿನ್ನ ನಂಬೇನಿ."

ಮೌಲಾ ತಲೆ ಕೆರೆದುಕೊಂಡ, ಆದರೆ ಇಲ್ಲ ಅನ್ನಲಿಲ್ಲ. ಮರುದಿನ ಆಯಿಯ ತಂಬಿಗೆಯ ಜೊತೆ ಓಣಿಯ ಉಳಿದ ಮುದುಕಿಯರ ತಂಬಿಗೆಗಳೂ ಬಂದವು. ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ತಂಬಿಗೆಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೀಟಿನ ಮೇಲೆ ಸಾಲಾಗಿ ಕೂತು ಹೋಗುತ್ತಿದ್ದವು. ಮೌಲಾ ತಗ್ಗು ಬಂದಲ್ಲಿ ಗಾಡಿಯನ್ನು ಬಸುರಿಯನ್ನು ಕರೆದೊಯ್ಯುವವನ ಹಾಗೆ ಓಡಿಸುತ್ತಿದ್ದ. ಊರ ಹುಡುಗರು ನಕ್ಕರೆ, "ಜೀವದ ಮಾತೈತಿ, ನಗಬ್ಯಾಡ್ರಿ" ಅನ್ನುತ್ತಿದ್ದ. ಒಂದು ದಿನ ಅವನೇ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಆಯಿ, ಇನ್ನ ತಂಬಿಗಿ ತರಬ್ಯಾಡ ಅಂದಾರ. ತ್ವಾಟದ ಆಳ ಹೋಗಿ ಸಾಹೇಬ್ರಿಗೆ ಹೇಳ್ಯಾನ, ಇಂವ ದಿನಾ ಬಾಂವ್ಯಾಗ ಏನೋ ಹಾಕಾಕತ್ತಾನಂತ."

"ಯಾರ ತ್ವಾಟಪಾ?"

ಮೌಲಾ ಆಚೀಚೆ ನೋಡಿದ. ಮುದುಕಿಯರೆಲ್ಲ ಅವನನ್ನೇ ನೋಡುತ್ತಿದ್ದರು. ಅಷ್ಟು ಅವ್ವಂದಿರ ಕಣ್ಣಿನ ಮುಂದೆ ಸುಳ್ಳು ಹೇಳುವುದು ಯಾವ ಡ್ರೈವರಿಗೂ ಆಗದು. "ಚೇರಮನ್ನರ ದ್ರಾಕ್ಷಿ ತ್ವಾಟರಿ. ಹಳ್ಳದ ಮ್ಯಾಲಿನ ಬಾಜೂಕ" ಅಂದ.

ಅಂದರೆ ತಮ್ಮ ದ್ರಾಕ್ಷಿಗೆ ಕಪ್ಪು ನೀರು ತಾಗದ ಹಾಗೆ ಡಿಸ್ಟಿಲರಿಯನ್ನು ತೋಟಕ್ಕಿಂತ ಕೆಳಗೆ, ನಮ್ಮೂರಿಗಿಂತ ಮೇಲೆ ಕಟ್ಟಿದ್ದರು. ಅವರ ಬಾವಿ ತಿಳಿ, ನಮ್ಮ ಬಾವಿ ಡಾಂಬರು, ಮೇಲೆ ನಮಗೆ ಪುಕ್ಕಟೆ ನೀರಿನ ಉಪಕಾರ. ಈ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನದಿಂದ ಟ್ಯಾಂಕರ್ ಬರಲಿಲ್ಲ. ಬಂದವನು ತಾತ್ಯಾ.

ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟ. ಆಯಿ ಉಣ್ಣುತ್ತಿದ್ದಳು. ಉಣ್ಣುವಾಗ ಅವಳು ಮಾತಾಡುವುದಿಲ್ಲ. ತಾತ್ಯಾ ಆ ಮೌನವನ್ನು ಒಪ್ಪಿಗೆ ಅಂತ ತಿಳಿದು ನಿರಾಳವಾಗಿ ಕೂತ. ವಿಷಯ ಇಷ್ಟು. ಕಪ್ಪು ನೀರು ತುಂಬಿಡಲು ಕಾರ್ಖಾನೆಗೆ ದೊಡ್ಡ ಹೊಂಡಗಳು ಬೇಕು, ಇಲ್ಲದಿದ್ದರೆ ಮುಂದಿನ ಹಂಗಾಮಿಗೆ ಡಿಸ್ಟಿಲರಿಗೆ ಪರವಾನಿಗೆ ಸಿಗುವುದಿಲ್ಲ, ಅದಕ್ಕೆ ಊರಿನ ಗಾಯರಾಣ, ಅಂದರೆ ದನ ಮೇಯುವ ಸರಕಾರಿ ಜಾಗ ಬೇಕು, ಅದಕ್ಕೆ ಪಂಚಾಯಿತಿಯ ಒಪ್ಪಿಗೆಯ ಠರಾವು ಬೇಕು. ಗಾಯರಾಣ ಇರುವುದು ಕುಡಿಯುವ ನೀರಿನ ಕೊಳವೆ ಬಾವಿಗಳ ತಲೆಯ ಮೇಲೆ. ಹೊಂಡ ಅಲ್ಲಿ ಬಂದರೆ ಬಾವಿಯ ಜೊತೆ ನಳಕ್ಕೂ ಕೈ ತೊಳೆದುಕೊಳ್ಳಬೇಕು.

"ನೋಡು ಪದ್ಮಾ," ಅಂದ. "ಕೇಸ ಮಲಗೇತಿ. ಎಬ್ಬಸೂದೂ ನಮ್ಮ ಕೈಯಾಗ ಐತಿ, ಪೂರಾ ಮಲಗಸೂದೂ ನಮ್ಮ ಕೈಯಾಗ ಐತಿ. ಠರಾವಿಗೆ ಒಂದ ಕೈ ಎತ್ತು. ಕೇಸ ವಾಪಸ ತಗೋತೀವಿ. ಐದ ವರ್ಷ ಆರಾಮ ಕುಂದ್ರು."

"ಎತ್ತದಿದ್ದರ?"

"ವಕೀಲ ನಿನ್ನ ಕಟಕಟ್ಯಾಗ ನಿಲ್ಲಿಸಿ ಕೇಳ್ತಾನ. ಎಲ್ಲಾರ ಮುಂದ ಕೇಳ್ತಾನ. ಏನೇನ ಕೇಳ್ತಾನ ಅನ್ನೂದ ನಿನಗ ನಾ ಹೇಳಬೇಕಾ?"

ಆಯಿ ಊಟ ಮುಗಿಸಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ತಾತ್ಯಾ, ನಿಮ್ಮವ್ವ ನಿನ್ನ ಹಡದಾಗ ನಾ ಒಳಗ ಇದ್ದೆ. ಗಂಡ ಹುಟ್ಯಾನ ಅಂತ ಹೊರಗ ಬಂದ ಕೂಗಿದಾಕಿ ನಾನ. ಮನಶ್ಯಾ ಆಗ್ತಾನೋ ಇಲ್ಲೋ ಅಂತ ಅವತ್ತ ಯಾರೂ ಕೇಳಲಿಲ್ಲ ನೋಡು." ತಾತ್ಯಾ ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ನಗಲಿಲ್ಲ. ಹೆದರಿದ್ದೆ. ಹೊರಗಿನವರಿಗೆ ಅದು ಬರಿಯ ಪಂಚಾಯಿತಿ ಕುರ್ಚಿ. ನನಗೆ ಹಾಗಲ್ಲ. ಒಂದು ದಿನ ನಮ್ಮ ವಾರ್ಡಿನ ಜನ ಬಿಸಿಲಲ್ಲಿ ಸಾಲುಗಟ್ಟಿ ನಿಂತು ಹೆಂಗಸರ ಸೀಟಿಗೆ ನನ್ನನ್ನು ಆರಿಸಿದ್ದರು. ನನ್ನ ಜನ್ಮದಲ್ಲಿ ಊರು ನನ್ನನ್ನು ಹೆಣ್ಣು ಅಂತ ಒಪ್ಪಿದ ಒಂದೇ ಒಂದು ಸಲ ಅದು. ಆ ಒಂದನ್ನು ಯಾರೋ ಕರೀ ಕೋಟಿನವನು ಎಲ್ಲರೆದುರು ಸೀರೆ ಸೆಳೆದ ಹಾಗೆ ಸೆಳೆದುಬಿಟ್ಟರೆ? ಮಷೀನಿನ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಕೈ ಎತ್ತಿಬಿಡಲೇ ಅಂತ ನಿಜವಾಗಿಯೂ ಯೋಚಿಸಿದೆ.

ಅದೇ ವಾರ ಅಪ್ಪನ ಹೊಲಕ್ಕೆ ಬರಬೇಕಿದ್ದ ಗ್ಯಾಂಗ್ ಅರ್ಧ ದಾರಿಯಿಂದ ತಿರುಗಿ ಹೋಯಿತು. ಯಾರ ಫೋನು ಅಂತ ಕೇಳುವ ಅವಶ್ಯಕತೆ ಇರಲಿಲ್ಲ. ಆವತ್ತು ಅಪ್ಪ ನನ್ನ ಹೊಲಿಗೆ ಅಂಗಡಿಗೆ ಬಂದ. ನಾನು ಊರಿಗೆ ಬಂದ ಮೇಲೆ ಅವನು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ತೂಗು ಹಾಕಿದ್ದ ಜಂಪರುಗಳ ಕಡೆ ನೋಡದ ಹಾಗೆ ನೋಡುತ್ತ ನಿಂತ. ಬೈಯಲು ಬಂದಿದ್ದಾನೆ ಅಂದುಕೊಂಡೆ.

"ಕಬ್ಬ ನಿಂತೈತಿ" ಅಂದ.

"ಗೊತ್ತಾತಪ್ಪಾ."

"ನಿಂದ್ರಲಿ" ಅಂದ, ಹೊರಟುಹೋದ.

ಅವನು ಹೋದ ಮೇಲೆ ಮಷೀನಿನ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಮುಗಿಸಿ ಮುಖ ತೊಳೆದು ಪಂಚಾಯಿತಿಗೆ ಹೋದೆ. ಠರಾವಿನ ಸಭೆಯನ್ನು ಕಚೇರಿಯ ಕೋಣೆಯಲ್ಲಿ ಕರೆಯುವುದು ತಾತ್ಯಾನ ಏರ್ಪಾಡಾಗಿತ್ತು. ಬಾಗಿಲು ಹಾಕಿಕೊಂಡು ಕೈ ಎತ್ತುವುದು ಸುಲಭ. ನಾನು ಪಿಡಿಒ ಅವರಿಗೆ ಹೇಳಿದೆ, ಗ್ರಾಮಸಭೆ ಕರೆಯಿರಿ, ಶಾಲೆಯ ಬಯಲಿನಲ್ಲಿ, ಸದಸ್ಯರು ಜನರ ಮುಂದೆ ಕೈ ಎತ್ತಲಿ. ಪಿಡಿಒ ಒಳ್ಳೆಯವರು, ಸ್ವಲ್ಪ ಪುಕ್ಕಲು. "ಮೇಡಂ, ನನಗ ವರ್ಗ ಆಗ್ತೈತ್ರಿ" ಅಂದರು. "ಆದರ ಒಳ್ಳೇ ನೀರಿನ ಊರಿಗೆ ಆಗ್ಲಿ" ಅಂದೆ.

ಸಭೆಯ ದಿನ ಬಿಸಿಲು ಏರಿತ್ತು, ಗಾಳಿ ಹಳ್ಳದ ಕಡೆಯಿಂದಲೇ ಬೀಸುತ್ತಿತ್ತು. ಕಾರ್ಖಾನೆಯವರು ಶಾಮಿಯಾನ ಹಾಕಿಸಿ, ಅಭಿವೃದ್ಧಿಯ ಬ್ಯಾನರ್ ಕಟ್ಟಿಸಿ, ಎಲ್ಲರಿಗೂ ಸೀಲು ಮಾಡಿದ ನೀರಿನ ಬಾಟಲಿ ಕೊಟ್ಟಿದ್ದರು. ಮುದುಕಿಯರು ಬಾಟಲಿ ಮುಟ್ಟಲಿಲ್ಲ. ತಂತಮ್ಮ ತಂಬಿಗೆ ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂತರು. ಪಿಡಿಒ ಠರಾವು ಓದಿದರು. ತಾತ್ಯಾ ಮೊದಲು ಕೈ ಎತ್ತಿದ. ಅವನ ಹಿಂದೆ ಒಂದೊಂದೇ ಕೈ ಎದ್ದವು. ಕೊನೆಗೆ ಪಾಯಗೌಡನ ಕೈ. ಅವನು ನಮ್ಮವನೇ, ಜೈನ. ಅವನ ಕಬ್ಬೂ ಇನ್ನೂ ಹೊಲದಲ್ಲೇ ಇತ್ತು.

ಮುಂದಿನ ಸಾಲಿನಿಂದ ಅವನ ಅವ್ವ ಎದ್ದು ನಿಂತಳು. ತಂಬಿಗೆ ಮುಂದೆ ಹಿಡಿದಳು. "ಪಾಯಾ, ಇದನ್ನ ಎಲ್ಲೆ ಬಿಡ್ಲಿ ಹೇಳು. ಆಮ್ಯಾಲ ಕೈ ಎತ್ತು." ಆಯಿ ಎದ್ದಳು. ಉಳಿದವರೂ ಎದ್ದರು. ಯಾರೂ ಕೂಗಲಿಲ್ಲ, ಧಿಕ್ಕಾರ ಅನ್ನಲಿಲ್ಲ. ತಂಬಿಗೆ ಹಿಡಿದು ಸುಮ್ಮನೆ ನಿಂತು ಉತ್ತರಕ್ಕೆ ಕಾದರು. ಪಾಯಗೌಡ ಎತ್ತಿದ ಕೈಯನ್ನು ಕಿವಿ ತುರಿಸಿಕೊಳ್ಳುವ ನೆಪದಲ್ಲಿ ಇಳಿಸಿದ. ಪಿಡಿಒ ಎರಡು ಸಲ ಎಣಿಸಿದರು. ಎತ್ತಿದ ಕೈಗಳು, ಎತ್ತದ ಕೈಗಳು ಸರಿಸಮವಾಗಿದ್ದವು. ಇನ್ನು ಉಳಿದದ್ದು ಅಧ್ಯಕ್ಷರ ಕೈ.

ಬಯಲೆಲ್ಲ ನನ್ನ ಕಡೆ ತಿರುಗಿತು. ತಾತ್ಯಾನೂ ತಿರುಗಿದ. ಅವನ ಮುಖ ಹಾಗೆ ಮೆತ್ತಗಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡೂ ಕೈ ಜೋಡಿಸಿದ. ನಮ್ಮ ಸೀಮೆಯಲ್ಲಿ ಕೆಲಸ ಆಗಬೇಕಾದರೆ ಏಕವಚನ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಅದು ಹುಟ್ಟಿನಿಂದ ಬಂದ ರೂಢಿ, ಯೋಚಿಸಿ ಆಡುವ ಮಾತಲ್ಲ.

"ಅಕ್ಕಾರ," ಅಂದ ತಾತ್ಯಾ, "ಊರ ಮಗಳ ಅದೀರಿ ನೀವು. ಊರಿಗೆ ಒಳ್ಳೇದಾಗೂ ಹಂಗ ಒಂದ ಕೈ ಎತ್ತರಿ, ಅಕ್ಕಾರ."

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಗಟ್ಟಿಯಾಗಿ ಕೇಳಿದಳು: "ತಾತ್ಯಾ, ಕೋರ್ಟನ್ಯಾಗ ಏನ ಬರಸೀಪಾ?"

ಬಯಲು ನಕ್ಕಿತು. ಅವನ ಮಾತಿಗೆ ಹೆದರಿ ನಗುತ್ತಿದ್ದವರೆಲ್ಲ ಈಗ ಅವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಅದರ ಬೆನ್ನಿಗೇ ಬೇರೆ ಏನೋ ಬಂತು. ಸುಳ್ಳು ಯಾಕೆ ಹೇಳಲಿ, ಅವನ ಬಾಯಿಂದ ಆ ಶಬ್ದ ಕೇಳಿದಾಗ ಸಿಹಿಯಾಯಿತು. ವರ್ಷಗಟ್ಟಲೆ ಅದಕ್ಕಾಗಿ ಹಸಿದಿದ್ದೆ. ಒಂದು ಕೈ ಎತ್ತಿದರೆ ನಾಳೆಯಿಂದ ಊರೆಲ್ಲ ಅನ್ನುತ್ತದೆ, ಕೋರ್ಟೂ ಸುಮ್ಮನಾಗುತ್ತದೆ. ಬೆಲೆ ಇಷ್ಟೇ, ಈ ಹೆಂಗಸರ ನೀರು. ಆಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದು ಬೇಡ.

"ತಾತ್ಯಾ," ಅಂದೆ, "ಅಕ್ಕ ಅಂದಿ, ಚಲೋ ಆತು. ಅಕ್ಕ ಅನ್ನಿಸ್ಕೊಳ್ಳಾಕ ಊರಿಗೆ ಹೊಲಸ ನೀರ ಕುಡಸೂ ಹಂಗಿದ್ದರ, ಆ ಹೆಸರ ನನಗ ಬ್ಯಾಡ. ನಾ ಕೈ ಎತ್ತೂದಿಲ್ಲ."

ಅವನ ಜೋಡಿಸಿದ ಕೈ ಬಿಟ್ಟುಹೋಯಿತು. "ನೋಡ್ಕೋತೀನಿ ಲೇ!" ಅಂತ ಕೂಗಿದ. "ಕೋರ್ಟನ್ಯಾಗ ನೋಡ್ಕೋತೀನಿ. ಈ ಕುರ್ಚಿ ನಿನಗ ಉಳಿಯೂದಿಲ್ಲ!"

ಎದ್ದು ನಿಂತೆ.

"ಹೋಗ್ಲಿ. ನಾ ಹೆಣ್ಣ ಹೌದೋ ಅಲ್ಲೋ, ಕೋರ್ಟ ಹೇಳ್ಲಿ, ಕಾಯ್ತೀನಿ. ಹಳ್ಳದ ನೀರ ಹೊಲಸ ಹೌದೋ ಅಲ್ಲೋ, ಅದನ್ನ ಹೇಳಾಕ ನನಗ ಯಾವ ಕೋರ್ಟಿನ ಅಪ್ಪಣಿನೂ ಬ್ಯಾಡ. ಪಿಡಿಒ ಸಾಹೇಬ್ರ, ಬರೀರಿ. ಗಾಯರಾಣ ಕೊಡೂದಿಲ್ಲ."

ಪಿಡಿಒ ಬರೆದರು. ಅಷ್ಟು ಹೊತ್ತಿನ ಮಟ್ಟಿಗೆ ಕುರ್ಚಿ ಇನ್ನೂ ನನ್ನದೇ ಇತ್ತು. ಸಹಿ ಮಾಡಿದೆ.